ಉದ್ಯಾನದ ಸಂಗೀತ ಮತ್ತು ಹರೆಯದ ನೆನಪು

(ಅಂತಿಮ ಬಿ. ಎ. ವಿದ್ಯಾರ್ಥಿ)

ಹರೆಯದವರ ಉಡುಗೆ-ತೊಡುಗೆ, ಹಾಡು, ಕುಣಿತ ಇವುಗಳ ವಿಷಯದಲ್ಲಿ ಹಿರಿಯರ ಅಭಿಪ್ರಾಯ ಎಲ್ಲ ಕಾಲದಲ್ಲಿಯೂ ಒಂದೇ ಬಗೆಯದು. 'ಓದುವ ವಯಸ್ಸಿನಲ್ಲಿ ಈ ಷೋಕಿ ಏಕೆ?' ಎಂಬ ಮಾತನ್ನು ಕೇಳಿಸಿಕೊಳ್ಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರ. ಹಾಗೆ ಕೇಳುವ ಹಿರಿಯರೂ ತಮ್ಮ ಕಾಲದಲ್ಲಿ ಅದೇ ಮಾತನ್ನು ಕೇಳಿಸಿಕೊಂಡವರೇ. ಷೋಕಿಗೆ ಹೋದ ಹಣ ದಂಡ, ಕುಣಿತಕ್ಕೆ ಹೋದ ಹೊತ್ತು ದಂಡ ಎಂಬುದು ಲೋಕದ ಲೆಕ್ಕ. ಆದರೆ ಅದೇ ಹಿರಿಯರು ಒಂದು ಸಂಜೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತಿರುವಾಗ, ಅವರ ಹದಿನೇಳನೆಯ ವಯಸ್ಸಿನ ಧಾಟಿಯೊಂದು ಎಲ್ಲಿಂದಲೋ ತೇಲಿಬಂದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಪಾದ ತಾನಾಗಿ ತಾಳ ಹಾಕುತ್ತದೆ. ಆ ದಿನ ತೊಟ್ಟಿದ್ದ ಅಂಗಿಯ ಬಣ್ಣ, ಷರಾಯಿಯ ಅಗಲ, ಬಾಚಿದ್ದ ಕ್ರಾಪಿನ ಓರೆ ಎಲ್ಲವೂ ಕಣ್ಣಮುಂದೆ ಬರುತ್ತವೆ. ಆ ವರ್ಷ ತರಗತಿಯಲ್ಲಿ ಓದಿದ ಪಾಠಗಳಲ್ಲಿ ಎಷ್ಟು ನೆನಪಿವೆಯೆಂದು ಅದೇ ಹೊತ್ತಿನಲ್ಲಿ ಅವರನ್ನು ಕೇಳುವುದು ಮರ್ಯಾದೆಯಲ್ಲ.

ದಂಡವಾಯಿತೆಂದು ನಾವು ಲೆಕ್ಕ ಬರೆದುಬಿಟ್ಟದ್ದು ಇಷ್ಟು ಕಾಲ ಉಳಿಯುವುದು ಹೇಗೆ? ಅದನ್ನು ಹೊರಗೆಳೆಯುವ ಶಕ್ತಿ ಸಂಗೀತಕ್ಕೆ ಬಂದದ್ದು ಎಲ್ಲಿಂದ? ಉದ್ಯಾನಕ್ಕೂ ಇದಕ್ಕೂ ಏನು ಸಂಬಂಧ? ಹರೆಯದ ಷೋಕಿ ಎಂಬುದು ಎಲ್ಲರಿಗೂ ದೊರೆತ ವಸ್ತುವೇ? ಈ ಪ್ರಶ್ನೆಗಳನ್ನು ನನ್ನ ಅಲ್ಪ ತಿಳಿವಳಿಕೆಗೆ ಎಟುಕಿದ ಮಟ್ಟಿಗೆ ಇಲ್ಲಿ ವಿವೇಚಿಸಲು ಯತ್ನಿಸುತ್ತೇನೆ.

ನೆನಪಿನ ದಿಬ್ಬ

ಮೊದಲು ಮನಶ್ಶಾಸ್ತ್ರದ ಮಾತು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ೧೮೭೯ರಲ್ಲಿ ತನ್ನ ಮೇಲೆ ತಾನೇ ಒಂದು ಪರೀಕ್ಷೆ ನಡೆಸಿಕೊಂಡ. ಪದಗಳ ಪಟ್ಟಿಯೊಂದನ್ನು ಮಾಡಿ, ಒಂದೊಂದೇ ಪದವನ್ನು ನೋಡುತ್ತ, ಅದರಿಂದ ಮನಸ್ಸಿನಲ್ಲಿ ಏಳುವ ಭಾವನೆಗಳನ್ನು ಬರೆದುಕೊಂಡ. ಅವುಗಳಲ್ಲಿ ಬಹಳಷ್ಟು ತನ್ನ ಬಾಲ್ಯ ಮತ್ತು ತಾರುಣ್ಯಕ್ಕೆ ಸೇರಿದವೆಂದು ಕಂಡುಕೊಂಡ. ಸುಮಾರು ನೂರು ವರ್ಷಗಳ ಅನಂತರ ಅಮೆರಿಕದ ಡೇವಿಡ್ ರೂಬಿನ್ ಮತ್ತು ಅವರ ಸಂಗಡಿಗರು ಇದೇ ಕ್ರಮವನ್ನು ವಿಸ್ತರಿಸಿ, ವಯಸ್ಸಾದವರ ನೆನಪುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ೧೯೮೬ರಲ್ಲಿ ಪ್ರಕಟಿಸಿದರು. ಇತ್ತೀಚಿನ ನೆನಪುಗಳು ಹೆಚ್ಚಾಗಿರುವುದು ಸಹಜ. ಹಿಂದಕ್ಕೆ ಹೋದಂತೆಲ್ಲ ಅವು ಕಡಿಮೆಯಾಗುತ್ತ ಹೋಗಬೇಕು. ಆದರೆ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ಕಾಲಕ್ಕೆ ಬಂದಾಗ ಇಳಿಯುತ್ತಿದ್ದ ರೇಖೆ ಮತ್ತೆ ಮೇಲಕ್ಕೇರುತ್ತದೆ. ಬಯಲಿನ ನಡುವೆ ದಿಬ್ಬವೊಂದು ಎದ್ದಂತೆ ಅದು ಕಾಣುತ್ತದೆ. ಇದನ್ನು ನಾವು 'ನೆನಪಿನ ದಿಬ್ಬ' ಎನ್ನಬಹುದು.

ಈ ದಿಬ್ಬ ಏಳಲು ವಿದ್ವಾಂಸರು ಹಲವು ಕಾರಣಗಳನ್ನು ಹೇಳುತ್ತಾರೆ. ಮೊದಲನೆಯದಾಗಿ, ಆ ವಯಸ್ಸಿನಲ್ಲಿ ಆಗುವುದೆಲ್ಲ ಮೊತ್ತಮೊದಲ ಸಲ ಆಗುತ್ತದೆ. ಮೊದಲ ಸಲ ಒಬ್ಬರೇ ಪಟ್ಟಣಕ್ಕೆ ಹೋದದ್ದು, ಮೊದಲ ಸಂಬಳ, ಮನೆಯವರು ಆರಿಸದೆ ತಾನೇ ಆರಿಸಿ ಹೊಲಿಸಿಕೊಂಡ ಮೊದಲ ಅಂಗಿ. ಎರಡನೆಯದಾಗಿ, 'ನಾನು ಯಾರು?' ಎಂಬ ಪ್ರಶ್ನೆಗೆ ಮನುಷ್ಯ ಉತ್ತರ ಹುಡುಕಿಕೊಳ್ಳುವ ಕಾಲ ಅದು. ಆ ಉತ್ತರದೊಡನೆ ಹೆಣೆದುಕೊಂಡ ಸಂಗತಿಗಳು ಸುಲಭವಾಗಿ ಅಳಿಯುವುದಿಲ್ಲ. ಹರೆಯದ ಹುಡುಗನಿಗೆ ಉಡುಪು ಮೈಮುಚ್ಚುವ ಬಟ್ಟೆ ಮಾತ್ರವಲ್ಲ. ಆ ಪ್ರಶ್ನೆಗೆ ಅವನು ಬೀದಿಯಲ್ಲಿ ನಿಂತು ಕೊಡುವ ಉತ್ತರವೂ ಹೌದು.

ಸಂಗೀತಕ್ಕೆ ಇಲ್ಲಿ ವಿಶೇಷ ಸ್ಥಾನವಿದೆ. ೨೦೦೯ರಲ್ಲಿ ಕ್ಯಾಲಿಫೋರ್ನಿಯಾದ ಪೀಟರ್ ಜನಾಟ ಎಂಬ ವಿಜ್ಞಾನಿ ವಿದ್ಯಾರ್ಥಿಗಳಿಗೆ ಅವರವರ ಬಾಲ್ಯ ಮತ್ತು ಹರೆಯದ ಕಾಲದ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿ, ಅದೇ ಸಮಯದಲ್ಲಿ ಅವರ ಮಿದುಳನ್ನು ಯಂತ್ರದ ಸಹಾಯದಿಂದ ಪರೀಕ್ಷಿಸಿದ. ಹಾಡು ತಮ್ಮ ಬದುಕಿನ ಯಾವುದಾದರೂ ನೆನಪನ್ನು ಎಬ್ಬಿಸಿದಾಗ ಹಣೆಯ ಹಿಂದಿನ ಮಿದುಳಿನ ನಡುಭಾಗವೊಂದು ಹೆಚ್ಚಾಗಿ ಚುರುಕಾಗುತ್ತಿತ್ತು. ಧಾಟಿಯ ಏರಿಳಿತ, ಅದರೊಡನೆ ಬರುವ ಭಾವ ಮತ್ತು ಅದು ತರುವ ನೆನಪು ಅಲ್ಲಿ ಒಂದನ್ನೊಂದು ಕೂಡುತ್ತವೆಂದು ಅವನ ಅಭಿಪ್ರಾಯ. ಮರೆವಿನ ರೋಗ ಬಂದ ವೃದ್ಧರಲ್ಲಿ ಈ ಭಾಗ ಇತರ ಭಾಗಗಳಿಗಿಂತ ತಡವಾಗಿ ಕೆಡುವುದರಿಂದ, ಮನೆಯವರ ಹೆಸರು ಮರೆತವರೂ ಹಳೆಯ ಹಾಡಿಗೆ ತಲೆದೂಗುವುದುಂಟು.

ಕುಣಿತದ ನೆನಪು ಇನ್ನೊಂದು ಬಗೆಯದು. ಬೈಸಿಕಲ್ ತುಳಿಯುವುದು, ಈಜುವುದು, ನೇಯುವುದು ಇವು ಒಮ್ಮೆ ಮೈಗೆ ಹತ್ತಿದರೆ ಹೇಗೆ ಬಿಡುವುದಿಲ್ಲವೋ ಹಾಗೆಯೇ ಹೆಜ್ಜೆಗಳೂ ಬಿಡುವುದಿಲ್ಲ. ಹೇಗೆ ಮಾಡುವುದೆಂದು ಮಾತಿನಲ್ಲಿ ಹೇಳಲಾಗದಿದ್ದರೂ ದೇಹ ಮಾಡಿ ತೋರಿಸುತ್ತದೆ. ಧಾಟಿ ಹೆಜ್ಜೆಯನ್ನು ಎಬ್ಬಿಸುತ್ತದೆ. ಹೆಜ್ಜೆ ಅಂದು ಕಾಲಿಗೆ ತೊಡರುತ್ತಿದ್ದ ಬಟ್ಟೆಯನ್ನು ನೆನಪಿಸುತ್ತದೆ. ಸಂಗೀತ, ನೃತ್ಯ, ಉಡುಪು ಈ ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಟ್ಟಿಗೆ ಬರುವುದಕ್ಕೆ ಕಾರಣ ಇದೇ ಎಂದು ತೋರುತ್ತದೆ.

ಉದ್ಯಾನವೇ ಏಕೆ?

ಮನೆಯಲ್ಲಿ ಕುಳಿತು ಹಾಡು ಕೇಳುವಾಗ ಏನನ್ನು ಕೇಳಬೇಕೆಂದು ನಾವೇ ಆರಿಸುತ್ತೇವೆ. ಉದ್ಯಾನದಲ್ಲಿ ಹಾಗಲ್ಲ. ಅಲ್ಲಿ ಸಂಗೀತ ಕರೆಯದೆ ಬರುತ್ತದೆ. ಮನಸ್ಸು ಬಿಚ್ಚಿಕೊಂಡಿರುವಾಗ, ಕೈಯಲ್ಲಿ ಕೆಲಸವಿಲ್ಲದಿರುವಾಗ, ಎದುರುನೋಡದೆ ಬಂದ ಧಾಟಿಯೇ ಆಳಕ್ಕೆ ಇಳಿಯುತ್ತದೆ. ಜೊತೆಗೆ ಎಷ್ಟೋ ಉದ್ಯಾನಗಳಿಗೆ ಟಿಕೆಟ್ಟಿಲ್ಲ. ಸಾಹುಕಾರನೂ ಕೂಲಿಯವನೂ ಒಂದೇ ಹುಲ್ಲಿನ ಮೇಲೆ ಕುಳಿತು ಒಂದೇ ವಾದ್ಯವನ್ನು ಕೇಳಬಹುದಾದ ಸ್ಥಳಗಳು ಊರಿನಲ್ಲಿ ಹೆಚ್ಚಿಲ್ಲ.

ಉದ್ಯಾನಗಳಲ್ಲಿ ವಾದ್ಯಮಂಟಪ ಕಟ್ಟುವ ಪದ್ಧತಿ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಯಿತು. ಅಲ್ಲಿನ ಮೊದಲ ವಾದ್ಯಮಂಟಪಗಳು ೧೮೬೧ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ತೋಟದಲ್ಲಿ ತೆರೆದವೆಂದು ಹೇಳುವರು. ಕಾರ್ಖಾನೆಯ ಕೆಲಸಗಾರರು ಹೆಂಡದಂಗಡಿಗೆ ಹೋಗುವ ಬದಲು ಸಂಸಾರ ಸಮೇತ ಉದ್ಯಾನಕ್ಕೆ ಬರಲಿ ಎಂಬುದು ಆ ಕಾಲದ ಸುಧಾರಕರ ಆಸೆಯಾಗಿತ್ತು. ಬೆಂಗಳೂರಿನಲ್ಲಿ ೧೮೭೦ರಲ್ಲಿ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ರೂಪುಗೊಂಡ ಕಬ್ಬನ್ ಉದ್ಯಾನ ಇಂದು ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ. ಅಲ್ಲಿಯೂ ಲಾಲ್‌ಬಾಗಿನಲ್ಲಿಯೂ ವಾದ್ಯಮಂಟಪಗಳಿವೆ. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ಒಂದು, ಪಾಶ್ಚಾತ್ಯ ಸಂಗೀತದ ಒಂದು ಹೀಗೆ ಎರಡು ವಾದ್ಯವೃಂದಗಳಿದ್ದವು. ಆ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ಆದರೆ ವಾದ್ಯಮಂಟಪದ ಸಂಗೀತ ಕುಳಿತು ಕೇಳುವಂಥದು. ಹರೆಯದವರು ತಾವೇ ವಾದ್ಯ ಹೊತ್ತು ತಂದು, ತಾವೇ ಉಡುಪು ಹೊಲಿಸಿ ತೊಟ್ಟು, ಉದ್ಯಾನದ ಬಾಗಿಲಲ್ಲಿ ಕುಣಿದರೆ ಏನಾಗುತ್ತದೆಂಬುದಕ್ಕೆ ಒಂದು ಒಳ್ಳೆಯ ನಿದರ್ಶನ ಜಪಾನಿನಲ್ಲಿದೆ.

ಯೊಯೊಗಿಯ ಭಾನುವಾರಗಳು

ತೋಕಿಯೋ ನಗರದ ಹರಾಜುಕು ಎಂಬ ಬಡಾವಣೆಯ ಪಕ್ಕದಲ್ಲಿ ಯೊಯೊಗಿ ಉದ್ಯಾನವಿದೆ. ಈ ನೆಲದ ಚರಿತ್ರೆ ವಿಚಿತ್ರವಾದದ್ದು. ಮೊದಲು ಅದು ಸೈನ್ಯದ ಕವಾಯತು ಮೈದಾನ. ೧೯೧೦ರ ಡಿಸೆಂಬರಿನಲ್ಲಿ ಜಪಾನಿನ ಮೊದಲ ವಿಮಾನ ಹಾರಿದ್ದು ಅಲ್ಲಿಯೇ. ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋತ ಮೇಲೆ ಅಮೆರಿಕದ ಸೈನಿಕರ ಸಂಸಾರಗಳಿಗಾಗಿ ಅಲ್ಲಿ ಮನೆಗಳು ಎದ್ದವು. ಆ ವಸತಿಗೆ ವಾಷಿಂಗ್ಟನ್ ಹೈಟ್ಸ್ ಎಂದು ಹೆಸರು. ೧೯೬೪ರ ಒಲಿಂಪಿಕ್ ಕ್ರೀಡೆಗಳಿಗಾಗಿ ಆ ಜಾಗ ಜಪಾನಿಗೆ ಹಿಂದಿರುಗಿ ಕ್ರೀಡಾಪಟುಗಳ ಗ್ರಾಮವಾಯಿತು. ೧೯೬೭ರಲ್ಲಿ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆಯಿತು. ಸೈನಿಕರು ಹೆಜ್ಜೆ ಹಾಕಿದ ನೆಲದಲ್ಲಿ ಹುಡುಗ-ಹುಡುಗಿಯರು ಹೆಜ್ಜೆ ಹಾಕುವ ಕಾಲ ಹೀಗೆ ಬಂದಿತು.

೧೯೭೭ರಿಂದ ಉದ್ಯಾನದ ಬದಿಯ ರಸ್ತೆಯಲ್ಲಿ ಭಾನುವಾರಗಳಂದು ವಾಹನಗಳನ್ನು ತಡೆದು ನಡೆಯುವವರಿಗೆ ಬಿಟ್ಟುಕೊಡಲಾಯಿತು. ಇಂಥ ರಸ್ತೆಗೆ ಜಪಾನೀಯರು 'ಪಾದಚಾರಿಗಳ ಸ್ವರ್ಗ' ಎಂದು ಕರೆಯುತ್ತಾರೆ. ಈ ಸ್ವರ್ಗಕ್ಕೆ ಮೊದಲು ಬಂದು ಜಾಗ ಹಿಡಿದವರು ಹರೆಯದವರು. ೧೯೮೦ರ ಹೊತ್ತಿಗೆ ಅಲ್ಲಿ ಹೆಸರಾದ ಗುಂಪು 'ತಕೆನೊಕೊ-ಝೋಕು'. ತಕೆನೊಕೊ ಎಂದರೆ ಬಿದಿರಿನ ಮೊಳಕೆ, ನಮ್ಮ ಮಲೆನಾಡಿನವರು ಪಲ್ಯ, ಉಪ್ಪಿನಕಾಯಿ ಮಾಡುವ ಕಳಲೆ. ಝೋಕು ಎಂದರೆ ಕುಲ, ಬಳಗ. ಆದ್ದರಿಂದ ಇವರನ್ನು 'ಕಳಲೆ ಬಳಗ' ಎಂದು ಕರೆದರೆ ತಪ್ಪಾಗದು. ಹೆಸರು ಬಂದದ್ದು ಹರಾಜುಕುವಿನ ತಕೆಶಿತ ಬೀದಿಯಲ್ಲಿದ್ದ ಅದೇ ಹೆಸರಿನ ಬಟ್ಟೆಯಂಗಡಿಯಿಂದ. ಕಣ್ಣು ಕುಕ್ಕುವ ಗುಲಾಬಿ, ಹಳದಿ, ನೇರಿಳೆ ಬಣ್ಣಗಳ, ಗಾಳಿ ತುಂಬಿದಂತೆ ಸಡಿಲವಾದ ನಿಲುವಂಗಿ ಮತ್ತು ಷರಾಯಿ, ಕೊರಳಲ್ಲಿ ಸರಗಳು, ಕಾಲಿಗೆ ಸಾದಾ ಚಪ್ಪಟೆ ಪಾದರಕ್ಷೆ—ಇದು ಅವರ ವೇಷ. ನಡುವೆ ಕ್ಯಾಸೆಟ್ ಯಂತ್ರವನ್ನಿಟ್ಟು, ಸುತ್ತ ವೃತ್ತಾಕಾರವಾಗಿ ನಿಂತು, ಯೂರೋಪಿನ ಡಿಸ್ಕೋ ಹಾಡುಗಳಿಗೆ ಎಲ್ಲರೂ ಒಂದೇ ಬಗೆಯ ಹೆಜ್ಜೆ ಹಾಕುತ್ತಿದ್ದರು. ನಮ್ಮ ಕೋಲಾಟವನ್ನು ಕಂಡವರಿಗೆ ಆ ವೃತ್ತ ಹೊಸದೆನಿಸದು.

ಅವರಲ್ಲಿ ಬಹುಮಂದಿ ಶಾಲೆಯ ಮಕ್ಕಳು. ವಾರದ ದಿನಗಳಲ್ಲಿ ಕಪ್ಪು ಅಥವಾ ಕಡುನೀಲಿ ಸಮವಸ್ತ್ರ, ಕೂದಲಿನ ಉದ್ದಕ್ಕೂ ನಿಯಮ. ಭಾನುವಾರ ಚೀಲದಲ್ಲಿ ಬಣ್ಣದ ಬಟ್ಟೆ ತುಂಬಿಕೊಂಡು ರೈಲು ಹತ್ತಿ ಬಂದು, ಅಲ್ಲಿಯೇ ಎಲ್ಲಾದರೂ ಮರೆಯಲ್ಲಿ ಬದಲಾಯಿಸಿಕೊಂಡು ಕುಣಿದು, ಸಂಜೆ ಮತ್ತೆ ಹಳೆಯ ಬಟ್ಟೆಯಲ್ಲಿ ಮನೆಗೆ ಹೋಗುವರು. ವಾರಕ್ಕೆ ಆರು ದಿನ ಒಂದೇ ಅಚ್ಚಿನಲ್ಲಿ ಬೇಯುವ ಮಕ್ಕಳಿಗೆ ಆ ಒಂದು ದಿನದ ಬಣ್ಣ ಎಷ್ಟು ದೊಡ್ಡದೆಂಬುದನ್ನು ಹಾಸ್ಟೆಲಿನ ನಿಯಮಗಳಲ್ಲಿ ಬೆಳೆದ ನನ್ನಂಥವರು ಊಹಿಸಬಲ್ಲರು.

ಕಳಲೆ ಬಳಗದ ಆಟ ಕೆಲವೇ ವರ್ಷಗಳದ್ದು. ಅದೇ ಕಾಲದಲ್ಲಿ ಅಲ್ಲಿಯೇ ಹುಟ್ಟಿದ ಇನ್ನೊಂದು ಗುಂಪು ದೀರ್ಘಾಯುವಾಯಿತು. ಇವರು ಅಮೆರಿಕದ ೧೯೫೦ರ ದಶಕದ ರಾಕ್ ಅಂಡ್ ರೋಲ್ ಸಂಗೀತಕ್ಕೆ ಕುಣಿಯುವವರು. ಕಪ್ಪು ಚರ್ಮದ ಜಾಕೆಟ್ಟು, ಬಿಗಿಯಾದ ಷರಾಯಿ, ಎಣ್ಣೆ ಹಚ್ಚಿ ಹಣೆಯ ಮೇಲೆ ಗೋಪುರದಂತೆ ಎತ್ತಿ ಬಾಚಿದ ಕೂದಲು. ಹುಡುಗಿಯರಿಗೆ ತಿರುಗಿದರೆ ಕೊಡೆಯಂತೆ ಅರಳುವ ಲಂಗ, ಎತ್ತಿ ಕಟ್ಟಿದ ಜುಟ್ಟು. ಗಟ್ಟಿ ನೆಲದ ಮೇಲೆ ತಿರುಗಿ ತಿರುಗಿ ಬೂಟಿನ ಅಟ್ಟೆ ಸವೆದುಹೋದರೆ ಅಂಟುಪಟ್ಟಿ ಸುತ್ತಿಕೊಂಡು ಮತ್ತೆ ಕುಣಿಯುತ್ತಾರೆ. ಗದ್ದಲ ಮತ್ತು ಸಂಚಾರದ ತೊಂದರೆಯೆಂಬ ದೂರುಗಳಿಂದಾಗಿ ೧೯೯೮ರಲ್ಲಿ 'ಪಾದಚಾರಿಗಳ ಸ್ವರ್ಗ' ಅಲ್ಲಿ ಮುಚ್ಚಿತು. ಆದರೂ ಈ ಕುಣಿತದವರು ಉದ್ಯಾನದ ಬಾಗಿಲಿಗೆ ಸರಿದು ಭಾನುವಾರಗಳ ಪದ್ಧತಿಯನ್ನು ಉಳಿಸಿಕೊಂಡರು. ಅಂದಿನ ಹುಡುಗರಿಗೆ ಈಗ ಅರವತ್ತರ ಆಸುಪಾಸು. ಎತ್ತಿ ಬಾಚಿದ ಕೂದಲಿನಲ್ಲಿ ನರೆ ಕಾಣಿಸಿಕೊಂಡಿದೆ. ಅವರ ಪಕ್ಕದಲ್ಲಿ ಇಪ್ಪತ್ತರವರೂ ಬಂದು ಕುಣಿದಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ೧೯೮೦ರಲ್ಲಿ ಹದಿನಾರು ವರ್ಷದವನಾಗಿದ್ದ ಜಪಾನೀ ಹುಡುಗನಿಗೆ ೧೯೫೦ರ ದಶಕದ ಅಮೆರಿಕದ ಸಂಗೀತ ತನ್ನದಾಗಿರಲಿಲ್ಲ. ಆ ಹಾಡುಗಳು ಅವನು ಹುಟ್ಟುವ ಮೊದಲೇ ಹಳೆಯದಾಗಿದ್ದವು. ಆ ದೇಶವನ್ನು ಅವನು ಕಂಡಿರಲಿಲ್ಲ. ಬೇರೊಬ್ಬರ ಹರೆಯದ ನೆನಪನ್ನು ಅವನು ಕಡ ತಂದು ತೊಟ್ಟುಕೊಂಡ. ನಲವತ್ತು ವರ್ಷ ಭಾನುವಾರ ತಪ್ಪದೆ ಕುಣಿದ ಮೇಲೆ ಆ ಕಡದ ನೆನಪು ಅವನ ಸ್ವಂತದ್ದಾಗಿದೆ. ಈಗ ಆ ಧಾಟಿ ಕೇಳಿದರೆ ಅವನಿಗೆ ನೆನಪಾಗುವುದು ಅಮೆರಿಕವಲ್ಲ. ಯೊಯೊಗಿಯ ಬಾಗಿಲು, ಅಂದಿನ ಗೆಳೆಯರು, ಸವೆದ ಬೂಟು. 'ಪರದೇಶದ ಅನುಕರಣೆ' ಎಂದು ಹರೆಯದ ಷೋಕಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇದನ್ನು ಯೋಚಿಸಬೇಕು. ಧಾಟಿ ಎಲ್ಲಿಂದ ಬಂದರೂ ಅದಕ್ಕೆ ಹೆಜ್ಜೆ ಹಾಕಿದ ಕಾಲು ನಮ್ಮದೇ ಆಗಿರುತ್ತದೆ.

ಷೋಕಿಗೆ ಬೇಕಾದ ಬಂಡವಾಳ

ಇಲ್ಲಿಯವರೆಗೆ ಹರೆಯವೆಂಬುದು ಎಲ್ಲರಿಗೂ ಸಮಾನವಾಗಿ ಬರುವ ಋತುವೆಂಬಂತೆ ಬರೆದೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಇದನ್ನು ಒಪ್ಪುವಂತಿಲ್ಲ. ಷೋಕಿಗೆ ಎರಡು ಬಂಡವಾಳ ಬೇಕು: ಸ್ವಲ್ಪ ಬಿಡುವು, ಸ್ವಲ್ಪ ಕಾಸು.

ಇಂಗ್ಲೆಂಡಿನ 'ಟೆಡ್ಡಿ ಬಾಯ್'ಗಳನ್ನು ನೋಡಿ. ಎಡ್ವರ್ಡ್ ದೊರೆಯ ಕಾಲದ ಶ್ರೀಮಂತರ ಉದ್ದ ಕೋಟನ್ನು ಅನುಕರಿಸಿ, ಅದಕ್ಕೆ ಮಖಮಲ್ಲಿನ ಕಾಲರ್ ಹಚ್ಚಿ, ಕೊಳವೆಯಂಥ ಷರಾಯಿಯೊಡನೆ ತೊಟ್ಟು ಬೀದಿಯಲ್ಲಿ ಮೆರೆದ ಕೂಲಿಕಾರರ ಮಕ್ಕಳು ಇವರು. ೧೯೫೩ರಲ್ಲಿ ಪತ್ರಿಕೆಯೊಂದು 'ಎಡ್ವರ್ಡಿಯನ್' ಎಂಬುದನ್ನು 'ಟೆಡ್ಡಿ' ಎಂದು ಮೊಟಕುಗೊಳಿಸಿತು, ಹೆಸರು ನಿಂತಿತು. ೧೯೫೬ರಲ್ಲಿ 'ರಾಕ್ ಅರೌಂಡ್ ದಿ ಕ್ಲಾಕ್' ಚಲನಚಿತ್ರ ಬಂದಾಗ ಇವರು ಚಿತ್ರಮಂದಿರಗಳ ಓಣಿಗಳಲ್ಲಿಯೇ ಕುಣಿದರು. ಕೆಲವೆಡೆ ಕುರ್ಚಿಗಳೂ ಹರಿದವು. ಯುದ್ಧಾನಂತರ ಹುಡುಗರಿಗೂ ಕೆಲಸ, ಕೈತುಂಬ ಸಂಬಳ ದೊರೆತದ್ದೇ ಇದಕ್ಕೆ ಮೂಲ. ಮಾರ್ಕ್ ಅಬ್ರಾಮ್ಸ್ ಎಂಬ ವಿದ್ವಾಂಸ ಹರೆಯದವರ ಖರ್ಚನ್ನೇ ವಿಷಯವಾಗಿಟ್ಟುಕೊಂಡು ೧೯೫೯ರಲ್ಲಿ ಒಂದು ಪುಸ್ತಿಕೆ ಬರೆದ. ಬಟ್ಟೆ, ಗಾನಮುದ್ರಿಕೆ, ಸಿನಿಮಾಗಳ ಪೇಟೆ ಈ ವಯಸ್ಸಿನವರ ಮೇಲೆ ನಿಂತಿದೆಯೆಂದು ತೋರಿಸಿದ. ಸಂಬಳ ಬಂದಲ್ಲಿ 'ಹರೆಯ' ಎಂಬುದು ಬೇರೆಯೇ ಒಂದು ವಯಸ್ಸಾಯಿತು. ಸಂಬಳವೂ ಬಿಡುವೂ ಇಲ್ಲದಲ್ಲಿ ಬಾಲ್ಯ ಮುಗಿದ ಮರುದಿನವೇ ಸಂಸಾರ.

ನಮ್ಮ ಮನೆಯ ಉದಾಹರಣೆ ಕೊಡುವುದು ಅಪ್ರಸ್ತುತವಾಗದೆಂದು ನಂಬಿದ್ದೇನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆ ಏಳನೆಯ ತರಗತಿಗೆ ಓದು ನಿಲ್ಲಿಸಿ ತಾಲ್ಲೂಕು ಪಟ್ಟಣದ ದರ್ಜಿ ಅಂಗಡಿಯೊಂದರಲ್ಲಿ ಕಾಜಾ ಹಾಕುವ, ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದರು. ೧೯೮೭ರಲ್ಲಿ ಅವರಿಗೆ ಹದಿನಾರು. ರವಿಚಂದ್ರನ್ ಅವರ 'ಪ್ರೇಮಲೋಕ' ಬಂದ ವರ್ಷ ಅದು. ಹಂಸಲೇಖ ಅವರ ಹಾಡುಗಳು ಊರೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೊಳಗಿದ ಕಾಲ. ಬೆಲ್‌ಬಾಟಮ್ಮಿನ ಕಾಲ ಮುಗಿದಿತ್ತು. ಸೊಂಟದಲ್ಲಿ ನೆರಿಗೆ, ತೊಡೆಯಲ್ಲಿ ಸಡಿಲ, ಹಿಮ್ಮಡಿಯಲ್ಲಿ ಕಿರಿದಾದ ಬ್ಯಾಗಿ ಪ್ಯಾಂಟು ಬರತೊಡಗಿತ್ತು. ಅಣ್ಣಂದಿರ ಬೆಲ್‌ಬಾಟಮ್ಮುಗಳನ್ನು ತಮ್ಮಂದಿರು ತಂದು ಕೆಳಗೆ ಕಿರಿದು ಮಾಡಿಸಿಕೊಂಡು ಹೋಗುತ್ತಿದ್ದರಂತೆ. ಹಬ್ಬದ ಮುಂಚಿನ ವಾರ ರಾತ್ರಿ ಎರಡು ಗಂಟೆಯವರೆಗೂ ಕೆಲಸ. ಊರಿನ ಹುಡುಗರ ಷೋಕಿಯೆಲ್ಲ ನಮ್ಮ ತಂದೆಯ ಬೆರಳುಗಳ ನಡುವೆ ಹಾದುಹೋಯಿತು, ತೊಟ್ಟವರು ಬೇರೆಯವರು.

ಕಳೆದ ವರ್ಷ ಅವರು ಬೆಂಗಳೂರಿಗೆ ಬಂದಾಗ ಕಬ್ಬನ್ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಬ್ಯಾಂಡಿನವರು ಹಲವು ಧಾಟಿಗಳ ನಡುವೆ 'ಪ್ರೇಮಲೋಕ'ದ ಒಂದನ್ನು ನುಡಿಸಿದರು. ಸುತ್ತಲಿನ ನಡುವಯಸ್ಸಿನವರ ಕಾಲುಗಳು ತಾಳ ಹಾಕಿದವು. ನಮ್ಮ ತಂದೆಯ ಕಾಲು ಅಲುಗಲಿಲ್ಲ. ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸೇರಿ ಸೂಜಿ ಎಳೆಯುವಂತೆ ಮೊಣಕಾಲ ಮೇಲೆ ಆಡುತ್ತಿದ್ದವು.

"ಈ ಹಾಡ್ನಾಗೆ ಎಷ್ಟು ಕಾಜಾ ಹಾಕಿದ್ದೀನೋ ಲೆಕ್ಕ ಇಲ್ಲ ಕಣಪ್ಪ" ಎಂದರು.

"ನೀನೂ ಒಂದು ಹೊಲಿಸ್ಕಂಡಿರ್ಲಿಲ್ವೇನಪ್ಪ?" ಎಂದು ಕೇಳಿದೆ.

"ಒಂದು. ಗಣೇಶನ ಹಬ್ಬಕ್ಕೆ ಮಾಸ್ಟ್ರು ಉಳಿದ ಬಟ್ಟೇಲಿ ಹೊಲ್ಕೊಟ್ಟಿದ್ರು. ಒಂದು ಕಾಲು ಒಂದು ಬಣ್ಣ, ಇನ್ನೊಂದು ಕಾಲು ಸ್ವಲ್ಪ ಬ್ಯಾರೆ. ಕತ್ಲಾಗೆ ಯಾರಿಗ್ ಕಾಣ್ತದೆ? ಗಣೇಶನ್ನ ಬಿಡೋ ರಾತ್ರಿ ಬ್ಯಾಂಡ್‌ಸೆಟ್ಟಿನ ಮುಂದೆ ಕುಣಿದಿದ್ದೇ ಕುಣಿದಿದ್ದು" ಎಂದು ಹೇಳಿ ನಕ್ಕರು.

ಒಂದು ಪ್ಯಾಂಟು, ಒಂದು ರಾತ್ರಿ. ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಅದು ಅವರಲ್ಲಿ ಕೆಡದೆ ಉಳಿದಿತ್ತು. ಎರಡು ಕಾಲಿನ ಬಣ್ಣದ ವ್ಯತ್ಯಾಸವೂ ಉಳಿದಿತ್ತು. ಮನಶ್ಶಾಸ್ತ್ರದ ಪುಸ್ತಕದಲ್ಲಿ ಓದಿದ ದಿಬ್ಬ ನನಗೆ ಚೆನ್ನಾಗಿ ಅರ್ಥವಾದದ್ದು ಆಗ. ಹರೆಯದಲ್ಲಿ ದುಡಿದವರಿಗೂ ಆ ದಿಬ್ಬವಿದೆ. ಆದರೆ ಅದರ ಮೇಲೆ ಕುಣಿತಕ್ಕಿಂತ ಕೆಲಸವೇ ಹೆಚ್ಚಾಗಿ ಬೆಳೆದಿರುತ್ತದೆ. ನಮ್ಮ ತಾಯಿಯನ್ನು ಕೇಳಿದರೆ ಅಷ್ಟೂ ಇಲ್ಲ. ಹದಿನೆಂಟು ತುಂಬುತ್ತಲೇ ಮದುವೆ. ಅದಕ್ಕೆ ಮುಂಚಿನ ಹಾಡೆಂದರೆ ನೆರೆಮನೆಯ ಮದುವೆಗಳ ಸೋಬಾನೆ. ಹೊಸ ಲಂಗವೆಂದರೆ ಯುಗಾದಿಗೆ ಒಂದು.

ತಡವಾಗಿ ಬಂದ ಹರೆಯ

ಹಾಗಾದರೆ ಹರೆಯವನ್ನು ಹರೆಯದಲ್ಲಿ ಕಳೆಯಲಾಗದವರ ಪಾಡೇನು? ಇದಕ್ಕೆ ಚೀನಾದ ಉದ್ಯಾನಗಳು ಒಂದು ಬಗೆಯ ಉತ್ತರ ಕೊಡುತ್ತವೆ.

೧೯೬೬ರಿಂದ ೧೯೭೬ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅಲ್ಲಿನ ಹರೆಯದವರ ಉಡುಪು ಹಸಿರು, ನೀಲಿ, ಬೂದು ಬಣ್ಣಗಳಿಗೆ ಸೀಮಿತವಾಗಿತ್ತು. ಕುಣಿತವೆಂದರೆ ಮಾವೋ ಅವರಿಗೆ ನಿಷ್ಠೆ ತೋರುವ ಸಾಮೂಹಿಕ ಕುಣಿತ. ಆ ಕಾಲ ಕಳೆದ ಮೇಲೆ ಬೆಲ್‌ಬಾಟಮ್ ಬಂದಿತು. ಚೀನೀಯರು ಅದಕ್ಕಿಟ್ಟ ಹೆಸರಿನ ಅರ್ಥ 'ಕಹಳೆ ಷರಾಯಿ'. ಕ್ಯಾಸೆಟ್ ಯಂತ್ರವನ್ನು ಕೈಯಲ್ಲಿ ಹಿಡಿದು, ಕಪ್ಪು ಕನ್ನಡಕ ಹಾಕಿ, ಉದ್ಯಾನಗಳಲ್ಲಿ ಕುಣಿಯುವ ಹುಡುಗ-ಹುಡುಗಿಯರು ಕಾಣಿಸಿಕೊಂಡರು. ಶಾಲೆ-ಕಾರ್ಖಾನೆಗಳ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತು ಆ ಷರಾಯಿಗಳ ಅಂಚನ್ನು ಕತ್ತರಿಸುತ್ತಿದ್ದರೆಂದು ಆ ಕಾಲದವರು ನೆನೆಯುತ್ತಾರೆ. ೧೯೮೦ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಜನ ತಾವಾಗಿ ಸೇರಿ ಕುಣಿಯುವುದನ್ನು ತಡೆಯಿತು. ೧೯೮೭ರಲ್ಲಿ ನೃತ್ಯಶಾಲೆಗಳಿಗೆ ಅನುಮತಿ ದೊರೆತು ಬಿಗಿ ಸಡಿಲವಾಯಿತು.

ಕುಣಿತದ ಮೇಲೆ ಹೀಗೆ ಕಾವಲಿದ್ದ ದಿನಗಳಲ್ಲಿ ಬೆಳೆದ ಹುಡುಗಿಯರು ಈಗ ಅಜ್ಜಿಯರು. ಬೀಜಿಂಗಿನ ಸ್ವರ್ಗಮಂದಿರದ ಉದ್ಯಾನದಲ್ಲಿಯೂ ಇತರ ಊರುಗಳ ಚೌಕಗಳಲ್ಲಿಯೂ ಬೆಳಿಗ್ಗೆ, ಸಂಜೆ ಸಾಲುಸಾಲಾಗಿ ನಿಂತು ಕುಣಿಯುವವರಲ್ಲಿ ಇವರೇ ಹೆಚ್ಚು. ಹಳೆಯ ಕ್ರಾಂತಿಗೀತೆಯ ಧಾಟಿಗೂ ಕುಣಿಯುತ್ತಾರೆ, ಡಿಸ್ಕೋಗೂ ಕುಣಿಯುತ್ತಾರೆ. ಎಷ್ಟೋ ಗುಂಪುಗಳು ಒಂದೇ ಬಣ್ಣದ ಉಡುಪನ್ನೂ ಹೊಲಿಸಿಕೊಂಡಿವೆ. ಅಂದು ದೊರೆಯದ ಕೆಂಪು, ಹಳದಿಗಳನ್ನು ಇಂದು ಧಾರಾಳವಾಗಿ ತೊಡುತ್ತಾರೆ.

ಇದರಿಂದ ಜಗಳಗಳೂ ಹುಟ್ಟಿವೆ. ಧ್ವನಿವರ್ಧಕದ ಸದ್ದಿನಿಂದ ನಿದ್ದೆಗೆಟ್ಟ ನೆರೆಯವರು ೨೦೧೪ರಲ್ಲಿ ವೆಂಜೌ ನಗರದಲ್ಲಿ ಚಂದಾ ಎತ್ತಿ ಇನ್ನೂ ದೊಡ್ಡ ಧ್ವನಿವರ್ಧಕ ತಂದು ಕುಣಿತದವರ ಕಡೆಗೆ ತಿರುಗಿಸಿದರು. ೨೦೨೨ರ ಜೂನ್‌ನಿಂದ ಜಾರಿಯಾದ ಶಬ್ದಮಾಲಿನ್ಯದ ಕಾನೂನು ಉದ್ಯಾನ, ಚೌಕಗಳ ಕುಣಿತಕ್ಕೂ ಸದ್ದಿನ ಮಿತಿಯನ್ನು ವಿಧಿಸುತ್ತದೆ. ಒಬ್ಬರ ನೆನಪು ಇನ್ನೊಬ್ಬರ ಕಿವಿಗೆ ಹಿಂಸೆಯಾಗಬಾರದೆಂಬುದು ನ್ಯಾಯವೇ. ಯೊಯೊಗಿಯ ರಸ್ತೆ ಮುಚ್ಚಿದ್ದೂ ಇಂಥ ದೂರುಗಳಿಂದಲೇ. ಉದ್ಯಾನ ಎಲ್ಲರದೂ ಆದ್ದರಿಂದ ಅಲ್ಲಿ ಮೌನವಾಗಿ ಕುಳಿತವನ ಹಕ್ಕೂ ಕುಣಿಯುವವನ ಹಕ್ಕಿನಷ್ಟೇ ದೊಡ್ಡದು. ಆದರೆ ಸದ್ದನ್ನು ಕಡಿಮೆ ಮಾಡುವುದು ಬೇರೆ; 'ಈ ವಯಸ್ಸಿನಲ್ಲಿ ಇದೆಲ್ಲ ಏಕೆ?' ಎಂದು ಕೇಳುವುದು ಬೇರೆ. ಹುಡುಗರಿಗೆ 'ಇನ್ನೂ ವಯಸ್ಸಾಗಿಲ್ಲ' ಎಂದೂ, ಮುದುಕರಿಗೆ 'ವಯಸ್ಸಾಯಿತು' ಎಂದೂ ಹೇಳಿದರೆ ಮನುಷ್ಯ ಕುಣಿಯುವುದು ಯಾವಾಗ?

ಉಪಸಂಹಾರ

ಮೇಲಿನ ವಿವೇಚನೆಯಿಂದ ನನಗೆ ತೋರುವುದಿಷ್ಟು. ಹರೆಯದ ಉಡುಪು, ಕುಣಿತಗಳು ಕೇವಲ ದಂಡದ ಖರ್ಚಲ್ಲ. ಮನುಷ್ಯ ಮುಪ್ಪಿಗೆ ಕೂಡಿಡುವ ಸಂಪತ್ತಿನಲ್ಲಿ ಅವೂ ಒಂದು ಪಾಲು. ಸಂಗೀತ ಅದರ ಬೀಗದ ಕೈ. ಉದ್ಯಾನವು ಕಾಸಿಲ್ಲದವನೂ ಆ ಪೆಟ್ಟಿಗೆಯನ್ನು ತೆರೆದು ನೋಡಬಹುದಾದ ಸ್ಥಳ. ಆದರೆ ಕೂಡಿಡಲು ಬೇಕಾದ ಬಿಡುವು ಎಲ್ಲರಿಗೂ ದೊರೆತಿಲ್ಲ. ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವ ನಮ್ಮಲ್ಲಿ ಅನೇಕರಿಗೆ ಈ ಮೂರು ವರ್ಷಗಳ ಬಿಡುವು ದೊರೆತಿರುವುದು ಯಾರೋ ತಮ್ಮ ಬಿಡುವನ್ನು ಬಿಟ್ಟುಕೊಟ್ಟದ್ದರಿಂದ. ಆದ್ದರಿಂದ ಷೋಕಿ ಮಾಡಬಾರದೆಂದು ನಾನು ಹೇಳಲಾರೆ. ಸಾಲ ಮಾಡಿ ಷೋಕಿ ಮಾಡಬೇಡಿರೆಂದು ಹೇಳಬಲ್ಲೆ. ಕೊಟ್ಟವರನ್ನು ಮರೆಯಬೇಡಿರೆಂದೂ ಹೇಳಬಲ್ಲೆ.

ಕೊನೆಯದಾಗಿ ಒಂದು ಸಲಹೆ. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ದಿನ ಮನರಂಜನೆಯೆಲ್ಲ ವಿದ್ಯಾರ್ಥಿಗಳದೇ. ತಂದೆತಾಯಿಗಳು ಬಂದರೂ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತು, ಬಸ್ಸಿನ ಹೊತ್ತಾಯಿತೆಂದು ಎದ್ದುಹೋಗುತ್ತಾರೆ. ಮುಂದಿನ ವರ್ಷದಿಂದಾದರೂ ಅವರಿಗಾಗಿ ಅರ್ಧ ಗಂಟೆ ಮೀಸಲಿಟ್ಟು, ಅವರ ಹದಿನಾರು-ಹದಿನೇಳರ ವಯಸ್ಸಿನ ಹಾಡುಗಳನ್ನು ಮರದಡಿಯಲ್ಲಿ ನುಡಿಸುವ ಏರ್ಪಾಡು ಮಾಡಬಹುದು. ವಾದ್ಯಕ್ಕೆ ನಮ್ಮಲ್ಲಿಯೇ ಹುಡುಗರಿದ್ದಾರೆ. ಖರ್ಚು ಹೆಚ್ಚಿಲ್ಲ. ವಿದ್ಯಾರ್ಥಿ ಸಂಘದವರೂ ಪೂಜ್ಯ ಅಧ್ಯಾಪಕರೂ ಇದನ್ನು ಪರಿಶೀಲಿಸಬೇಕಾಗಿ ವಿನಂತಿ.